ಕಮರದ ಇದ್ದಿಲಿನ ದನಿ

"ಇದು ಆರಿಸಿದ ಇದ್ದಿಲಲ್ಲ ಬೂಬಮ್ಮ. ಆರಿಸೋರು ಹೋಗ್ಬುಟ್ರಲ್ಲ. ಸುಟ್ಟ ಗೂಡಿಂದ ತಗ್ದಿದ್ದನ್ನ ತಗ್ದಂಗೇ ತುಂಬ್ಕಂಡು ಬಂದ್ಬುಟ್ಟೆ."

ಕತ್ತೆಯ ಬೆನ್ನಿಂದ ಮೂಟೆ ಇಳಿಸಿ ಹಿತ್ತಲ ಗೋಡೆಗೆ ಒರಗಿಸುತ್ತ ಸಿದ್ದಗಂಗಮ್ಮ ಈ ಮಾತು ಹೇಳಿದಾಗ ಅಮೀರ್ ಬಿಗೆ ತಲೆಬುಡ ತಿಳಿಯಲಿಲ್ಲ. ಮಾರನೆ ದಿನ ಮಗಳು ಫಕ್ರುನ್ನೀಸಾಳ ನಿಕಾಹ್. ಪಾವಗಡದಿಂದ ಗಂಡಿನ ಕಡೆಯವರು ಬರುವವರಿದ್ದರು. ಅಕ್ಕಿ ಸಾಲುತ್ತೋ ಇಲ್ಲವೋ, ಪಕ್ಕದ ಮನೆಯ ದೊಡ್ಡ ಡೇಗ್ಚಿ ಪಾತ್ರೆ ಇನ್ನೂ ಬಂದಿಲ್ಲವಲ್ಲ, ಇಂಥದ್ದರಲ್ಲೇ ಅವಳ ಮನಸ್ಸು ಸುತ್ತುತ್ತಿತ್ತು.

"ಆರಿಸೋದು ನಮ್ಮನೆಯವರಲ್ವೇನೇ? ನಿನ್ನ ಗಂಡ ತರ್ತಿದ್ದ, ಇವರು ತಟ್ಟಿ ತಟ್ಟಿ ಆರಿಸ್ಕೋತಿದ್ರು. ಶಿರಾ ಪೇಟೆಗೆಲ್ಲ ಗೊತ್ತಿರೋ ವಿಚಾರ."

ಸಿದ್ದಗಂಗಮ್ಮ ಸೆರಗಲ್ಲಿ ಮುಖ ಒರೆಸಿಕೊಂಡಳು. ಒರೆಸಿದ್ದಕ್ಕೆ ಮಸಿ ಇನ್ನಷ್ಟು ಹರಡಿತು. ಬೀದಿ ಕಡೆ ಅಮೀರ್ ಬಿಯ ಗಂಡ ನಬೀ ಸಾಬರು ಚಪ್ಪರ ಕಟ್ಟುವವರ ಮೇಲೆ ಕೂಗಾಡುತ್ತಿದ್ದರು. ಅವರು ಹಿತ್ತಲಿಗೆ ಬರುವ ಹಾಗಿಲ್ಲ ಅಂತ ಖಾತ್ರಿ ಮಾಡಿಕೊಂಡು ಅವಳು ಇನ್ನೂ ಹತ್ತಿರ ಬಂದಳು.

"ನಮ್ಮೋರು ಹೇಳ್ಬ್ಯಾಡ ಅಂದಿದ್ರು ಬೂಬಮ್ಮ. ಸಾಯೋವಾಗ್ಲೂ ಅದೇ ಮಾತು. ಆದ್ರೆ ನಾಳೆ ಮಗೀನ ಮದ್ವೆ. ಹೇಳ್ದೆ ಹೋದ್ರೆ ನಂಗೆ ಅನ್ನ ಸೇರಕ್ಕಿಲ್ಲ. ನಿಮ್ಮ ಸಾಬ್ರಿಗೆ ಇದ್ದಿಲ ದನಿ ಕೇಳಕ್ಕಿಲ್ಲ ಕಣಮ್ಮ. ಬಲು ದಿನ ಆಯ್ತು. ನಮ್ಮೋರು ಗುಡ್ಡದಾಗೇ ಕುಂತ್ಕಂಡು ಒಂದೊಂದ್ನೂ ತಟ್ಟಿ, ದನಿ ಕೊಡೋದನ್ನ ಮಾತ್ರ ನಿಮ್ಮನೆ ಮೂಟೆಗೆ ಹಾಕೋರು. ಮಿಕ್ಕಿದ್ದು ಇಸ್ತ್ರಿ ಅಂಗಡಿಗೆ. ಇಲ್ಲಿ ಸಾಬ್ರು ಯಾವ್ದು ಎತ್ಕಂಡ್ರೂ ಚೆಂದಾಗಿರ್ಲಿ ಅಂತ."

ಅಮೀರ್ ಬಿ ಕೈಯಲ್ಲಿದ್ದ ಮೊರ ಕೆಳಗಿಟ್ಟಳು.

ಈ ದನಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದ್ದಿಲಲ್ಲಿ ಕಮರದ ಮರದ್ದು ಗಟ್ಟಿ. ಚೆನ್ನಾಗಿ ಬೆಂದ ಕಮರದ ಇದ್ದಿಲು ಎರಡು ತಗೊಂಡು ಒಂದಕ್ಕೊಂದು ತಟ್ಟಿದರೆ ಗಾಜಿನ ಬಳೆ ತಾಗಿದ ಹಾಗೆ ಸಣ್ಣಗೆ 'ಟಿಣ್' ಅನ್ನುತ್ತೆ. ಒಳಗೆ ಹಸಿ ಉಳಿದದ್ದು, ಥಂಡಿ ಹಿಡಿದದ್ದು 'ದಬ್' ಅನ್ನುತ್ತೆ. ನೋಡುವುದಕ್ಕೆ ಎರಡೂ ಕರಿಯೇ. ದಬ್ ಅನ್ನುವುದನ್ನು ಒಲೆಗೆ ಹಾಕಿದರೆ ಮಾಂಸದ ಕೊಬ್ಬು ಕರಗಿ ತೊಟ್ಟಿಕ್ಕುವ ಹೊತ್ತಿಗೆ ಸರಿಯಾಗಿ ಒಳಗಿನ ಹಸಿ ಹೊಗೆ ಕಾರುತ್ತೆ. ಕಬಾಬು ಬಚ್ಚಲೊಲೆಯ ನಾತ ಹೊಡೆಯುತ್ತೆ.

ಕಬಾಬು ಸುಡುವ ನಬೀ ಸಾಬರ ಹೆಸರು ನಿಂತದ್ದೇ ಆ ಕಿವಿಯ ಮೇಲೆ. ಸಂತೆ ದಿನ ಬಸ್ಸು ನಿಲ್ಲುವ ಜಾಗದ ಮಗ್ಗುಲಲ್ಲಿ ಅಂಗೀಟಿ, ಅಂದರೆ ಅವರ ಉದ್ದನೆ ಕಬ್ಬಿಣದ ಒಲೆ, ಇಟ್ಟು ಅವರು ಇದ್ದಿಲು ಆರಿಸಲು ಕೂತರೆ ಗೌಡಗೆರೆ ಕಡೆಯಿಂದ ಕಡಲೆಕಾಯಿ ತಂದವರು ಗಾಡಿ ನಿಲ್ಲಿಸಿ ನೋಡುವರು. ಮಾಂಸ ಮುಟ್ಟದವರೂ ನೋಡುವರು. ಸಾಬರು ಒಂದು ತುಂಡನ್ನು ಕಿವಿಗೆ ಹಿಡಿದು, ಇನ್ನೊಂದರಿಂದ ಮೆಲ್ಲಗೆ ತಟ್ಟಿ, ಕಣ್ಣು ಮುಚ್ಚಿ, "ಆಹಾ, ಮಾತಾಡ್ತು!" ಅನ್ನುವರು. ಇಲ್ಲವೇ "ಇದು ಮೂಗ" ಅಂತ ಪಕ್ಕಕ್ಕೆ ಎಸೆಯುವರು. ಸೀಮೆಎಣ್ಣೆ ಸೋಕಿಸುವವರಲ್ಲ. ಕಡಲೆಕಾಯಿ ಸಿಪ್ಪೆ ಹರಡಿ, ಅದರ ಮೇಲೆ ತೆಂಗಿನ ಕರಟ, ಅದರ ಮೇಲೆ ಇದ್ದಿಲು. ಬೀಸಣಿಗೆ ಬೀಸಿ ಬೀಸಿ, ಕೆಂಡದ ಮೇಲೆ ತೆಳ್ಳಗೆ ಬಿಳಿ ಬೂದಿ ಕೂತ ಮೇಲೆಯೇ ಮಾಂಸ ಚುಚ್ಚಿದ ಸೀಖು ಇಡುವುದು. ಅಲ್ಲಿತನಕ ಎಂಥ ದೊಡ್ಡ ಮನುಷ್ಯ ಬಂದರೂ "ಕೂತ್ಕೊಳ್ಳಿ, ಬೆಂಕಿಗೆ ಬುದ್ಧಿ ಬರಲಿ" ಅಂತ ಕೂರಿಸುವರು.

ಈಗ ಅಮೀರ್ ಬಿಗೆ ಒಂದೊಂದೇ ನೆನಪಾಗತೊಡಗಿತು. ಹೋದ ಮಳೆಗಾಲದಲ್ಲಿ ಜಗಲಿ ಮೇಲೆ ಕೂತು ಗಂಡ ಅಂದಿದ್ದರು: "ಈ ಸಲ ಜೀರುಂಡೆಗಳೇ ಇಲ್ಲ ನೋಡು. ಎಲ್ಲಿ ಹೋದ್ವೋ." ಆಗ ಗೋಡೆ ಸಂದಿಯಲ್ಲಿ ಜೀರುಂಡೆ ಕಿವಿ ಹರಿಯುವ ಹಾಗೆ ಕೂಗುತ್ತಿತ್ತು. ತಮಾಷೆ ಮಾಡ್ತಿದ್ದಾರೆ ಅಂದುಕೊಂಡು ಅವಳು ನಕ್ಕಿದ್ದಳು. ಇನ್ನೊಂದು ದಿನ ಕತ್ತಲಲ್ಲಿ ನೀರು ಕೊಡಲು ಹೋದರೆ ಬೆಚ್ಚಿಬಿದ್ದು, "ಯಾಕೆ ಬಳೆ ತೆಗ್ದಿಟ್ಟಿದ್ದೀ? ಬರೋದೇ ಗೊತ್ತಾಗಲಿಲ್ಲ" ಅಂದಿದ್ದರು. ಅವಳ ಕೈತುಂಬ ಬಳೆ ಇದ್ದವು. ಮಾತು ಕೇಳುತ್ತಿತ್ತು ಅವರಿಗೆ, ಸ್ವಲ್ಪ ಗಟ್ಟಿಯಾಗಿ ಹೇಳಬೇಕು ಅಷ್ಟೆ. ವಯಸ್ಸಾಯ್ತಲ್ಲ ಅಂತ ಅವಳು ಸುಮ್ಮನಿದ್ದಳು. ತೆಳ್ಳನೆ ಸದ್ದುಗಳು ಒಂದೊಂದಾಗಿ ಅವರನ್ನು ಬಿಟ್ಟು ಹೋಗಿದ್ದು ಅವಳಿಗೆ ಹೊಳೆದಿರಲಿಲ್ಲ. ಕಳ್ಳಂಬೆಳ್ಳದ ಆಚೆ ಗುಡ್ಡದಲ್ಲಿ ಇದ್ದಿಲು ಸುಡುತ್ತಿದ್ದ ಸಿದ್ದಗಂಗಮ್ಮನ ಗಂಡ ಅಡವಯ್ಯನಿಗೆ ಹೊಳೆದಿತ್ತು.

"ಅವನಿಗೆ ಹೆಂಗೆ ಗೊತ್ತಾಯ್ತೇ?"

"ಒಂದ್ ದಪ ಮೂಗ ಇದ್ದಿಲನ್ನ ಸಾಬ್ರು ತಟ್ಟಿ 'ಆಹಾ' ಅಂದ್ರಂತೆ. ಇವ್ರು ತಮಾಸೆಗೆ ಇನ್ನೊಂದು ಅಂಥದ್ದೇ ಕೊಟ್ರಂತೆ. ಅದುಕ್ಕೂ 'ಆಹಾ' ಅಂದ್ರಂತೆ. ಅವತ್ತು ಮನೆಗೆ ಬಂದು ಉಣ್ಲೇ ಇಲ್ಲ ನನ್ ಗಂಡ." ಸಿದ್ದಗಂಗಮ್ಮ ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. "ಈ ಗೂಡು ನಾನೊಬ್ಬಳೇ ಹಾಕಿದ್ದು ಬೂಬಮ್ಮ. ಹೊಗೆ ನೀಲಿ ತಿರುಗೋಗಂಟ ಕಾಯ್ಬೇಕಿತ್ತು. ಮದ್ವೆ ಹತ್ರ ಬಂತಲ್ಲ ಅಂತ ಬಿಳೀ ಹೊಗೆ ಇದ್ದಂಗೇ ಬಾಯಿ ತಗ್ದೆ. ಅರ್ಧಕ್ಕರ್ಧ ಬೆಂದಿಲ್ಲ. ನೀವೇ ಹೆಂಗಾನ ಮಾಡಿ ಬ್ಯಾರೆ ಮಾಡ್ಕಳಿ."

"ಮಾಡ್ತೀನಿ. ನೀನು ಅಳಬೇಡ. ನಾಳೆ ಊಟಕ್ಕೆ ಇರು."

"ಇಲ್ಲ ಕಣಮ್ಮ. ಸೂತಕ ಕಳೆದಿದ್ರೂ ಒಂಟಿ ಹೆಂಗಸು ಮದ್ವೆ ಮನೇಲಿ ಯಾಕೆ." ಕತ್ತೆಯ ಹಗ್ಗ ಎಳೆದುಕೊಂಡು ಅವಳು ಹೊರಟೇಬಿಟ್ಟಳು.

ಮಾರನೆ ಬೆಳಿಗ್ಗೆ ನಬೀ ಸಾಬರು ಮಾಂಸ ತರಲು ಹೋದದ್ದೇ ತಡ, ಅಮೀರ್ ಬಿ ಮೂಟೆ ಬಿಚ್ಚಿ ಹಿತ್ತಲ ಮೂಲೆಯಲ್ಲಿ ಕೂತಳು. ಎರಡು ಮಂಕರಿ ಇಟ್ಟುಕೊಂಡು ಟಿಣ್ ಅಂದದ್ದನ್ನು ಒಂದಕ್ಕೆ, ದಬ್ ಅಂದದ್ದನ್ನು ಇನ್ನೊಂದಕ್ಕೆ ಹಾಕುತ್ತ ಬಂದಳು. ಆ ಮನೆಯಲ್ಲಿ ಇದ್ದಿಲು ಮುಟ್ಟುವ ಕೆಲಸ ಹೆಂಗಸರದ್ದಲ್ಲ. ಗಂಡಸರಲ್ಲೂ ನಬೀ ಸಾಬರೊಬ್ಬರದ್ದೇ. ಅಷ್ಟು ವರ್ಷ ಸಂಸಾರ ಮಾಡಿದವಳು ಮೊದಲ ಸಲ ತಟ್ಟಿ ನೋಡುತ್ತಿದ್ದಳು. ಎಷ್ಟು ಚೆಂದದ ದನಿ ಅನ್ನಿಸಿತು. ಇದು ಅವರಿಗಿಲ್ಲವಲ್ಲ ಅಂತ ಮರುಗಳಿಗೆಗೇ ಕೈ ನಿಂತಿತು.

ಬಾಗಿಲಲ್ಲಿ ಫಕ್ರುನ್ನೀಸಾ ಮೆಹಂದಿಯ ಕೈಗಳನ್ನು ಎತ್ತಿ ಹಿಡಿದು ನಿಂತಿದ್ದಳು. ಇವರ ಮನೆಮಾತು ಉರ್ದು. ನಾನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಅಮ್ಮಾ! ಅಬ್ಬಾ ನೋಡಿದ್ರೆ ನನ್ನ ಬದಲು ನಿನ್ನನ್ನೇ ಪಾವಗಡಕ್ಕೆ ಕಳಿಸಿಬಿಡ್ತಾರೆ!"

"ಬಾಯಿ ಮುಚ್ಚೇ ಕತ್ತೆ. ಒಳಗೆ ಹೋಗು."

"ಮುಖ ಎಲ್ಲಾ ಮಸಿ. ಮದುಮಗಳ ತಾಯಿ ಅಂತ ಯಾರೂ ಅನ್ನಲ್ಲ." ನಗುತ್ತ ಹತ್ತಿರ ಬಂದ ಹುಡುಗಿ ತಾಯಿಯ ಕಣ್ಣು ನೋಡಿ ನಗು ನಿಲ್ಲಿಸಿದಳು. "ಏನಾಯ್ತಮ್ಮ?"

"ಏನಿಲ್ಲ. ಹೊಗೆ."

ಒಲೆ ಇನ್ನೂ ಹೊತ್ತಿಸಿರಲಿಲ್ಲ.

ಮೂಟೆಯ ತಳ ಕಾಣುವ ಹೊತ್ತಿಗೆ ಬೀದಿಯಲ್ಲಿ ಗದ್ದಲ ಎದ್ದಿತು. ಪಾವಗಡದ ಬಸ್ಸು ಬಂದಿತ್ತು. ಗಂಡಿನ ತಂದೆ ಹಬೀಬ್ ಸಾಬರು, ಅವರ ಕಡೆಯ ಹಿರಿಯರು ಎಲ್ಲರನ್ನೂ ನಬೀ ಸಾಬರು ನೇರ ಹಿತ್ತಲಿಗೇ ಕರೆತಂದರು. ಬೇವಿನ ಮರದ ಕೆಳಗೆ ಗಂಡಸರಿಗೆ ಚಾಪೆ ಹಾಸಿತ್ತು. ಅಮೀರ್ ಬಿ ದುಪಟ್ಟಾ ಎಳೆದುಕೊಂಡು ಬಾಗಿಲ ಪರದೆಯ ಹಿಂದಕ್ಕೆ ಓಡಿದಳು. ಮಂಕರಿಗಳು ಅಲ್ಲೇ ಉಳಿದವು.

"ಅರೆ, ಇದ್ಯಾರು ನನ್ನ ಇದ್ದಿಲಿಗೆ ಕೈ ಹಾಕಿದ್ದು?" ನಬೀ ಸಾಬರ ದನಿ ಇಡೀ ಹಿತ್ತಲಿಗೆ ಕೇಳಿತು. "ನಮ್ಮ ಮನೆ ಹೆಂಗಸರ ಕೆಲಸ ಹಬೀಬ್ ಸಾಬ್! ದಪ್ಪದ್ದು ಒಂದು ಕಡೆ, ಸಣ್ಣದ್ದು ಒಂದು ಕಡೆ ಅಂತ ಅಕ್ಕಿ ಆರಿಸಿದಂಗೆ ಆರಿಸ್ಬುಟ್ಟವ್ರೆ!"

ಎಲ್ಲರೂ ನಕ್ಕರು. ಸಾಬರು ಎರಡೂ ಮಂಕರಿ ಎತ್ತಿ ಒಂದೇ ರಾಶಿಯಾಗಿ ಸುರಿದುಬಿಟ್ಟರು.

ಪರದೆಯ ಹಿಂದೆ ಅಮೀರ್ ಬಿ ಬಾಯಿಗೆ ಕೈ ಅಡ್ಡ ಹಿಡಿದಳು.

"ಈಗ ನೋಡಿ. ವರ್ಷದ ಕೆಳಗೆ ಉರುಸಿನಲ್ಲಿ ನೋಡಿದ್ರಲ್ಲ, ಅದೇ ಕಿವಿ." ಸಾಬರು ಒಂದು ತುಂಡು ಕಿವಿಗೆ ಹಿಡಿದು ತಟ್ಟಿದರು. ದಬ್. "ಆಹಾ, ಮಾತಾಡ್ತು!" ಇನ್ನೊಂದು ತಟ್ಟಿದರು. ಟಿಣ್. ಅದನ್ನು ಸ್ವಲ್ಪ ಹೊತ್ತು ಕಿವಿಯಲ್ಲೇ ಹಿಡಿದಿದ್ದು, "ಇದು ಮೂಗ" ಅಂತ ಎಸೆದರು.

ಯಾವುದೋ ಒಂದನ್ನು ಮೂಗ ಅನ್ನಲೇಬೇಕಲ್ಲ ಅಂತ ಅನ್ನುತ್ತಿದ್ದಾರೆ. ಅಮೀರ್ ಬಿಗೆ ಅದು ಆಗ ತಿಳಿಯಿತು. ಅಂದರೆ ಅವರಿಗೂ ಒಳಗೊಳಗೆ ಗೊತ್ತಿದೆಯೆ? ಅಥವಾ ಕೈ ಹೇಳಿದ್ದನ್ನೇ ಕಿವಿ ಹೇಳಿತು ಅಂತ ನಂಬಿದ್ದಾರೆಯೆ? ನೆಂಟಸ್ತಿಕೆ ಮಾತಾಡುವಾಗ ಇದೇ ಹಬೀಬ್ ಸಾಬರು, "ನಿಮ್ಮ ಕಬಾಬು ತಿಂದವನು ನಿಮಗೆ ಇಲ್ಲ ಅನ್ನೋದು ಹೆಂಗೆ?" ಅಂದಿದ್ದರು. ಆ ಒಂದು ಮಾತನ್ನು ಗಂಡ ಊರೆಲ್ಲ ಹೇಳಿಕೊಂಡು ತಿರುಗಿದ್ದರು. ವರೋಪಚಾರಕ್ಕೆ ಬಂಗಾರ ಇಲ್ಲದಿದ್ದರೂ ನನ್ನ ಕೈ ಇದೆ ಅನ್ನುವ ಮನುಷ್ಯ. ಇವತ್ತು ಆ ಕೈ ಕೆಟ್ಟರೆ?

ಅವಳು ಪರದೆ ಸರಿಸಿ ಕೈಸನ್ನೆ ಮಾಡಿ ಕರೆದಳು. ಅವರು ಎದ್ದು ಬಂದರು.

"ಒಂದು ಮಾತಿತ್ತು."

"ಏನು?"

"ಇದ್ದಿಲು..."

"ಏನು? ಗಟ್ಟಿಯಾಗಿ ಹೇಳು, ಗಲಾಟೇಲಿ ಕೇಳ್ತಿಲ್ಲ."

ಕಿವಿ ಮಂದವಾದವರಿಗೆ ಗುಟ್ಟು ಹೇಳುವುದು ಹೇಗೆ? ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರೆ ಚಾಪೆಯ ಮೇಲಿದ್ದವರಿಗೆಲ್ಲ ಕೇಳುತ್ತಿತ್ತು. ಹಬೀಬ್ ಸಾಬರು ಆಗಲೇ ಈ ಕಡೆ ತಿರುಗಿ ನೋಡುತ್ತಿದ್ದರು. ಅಮೀರ್ ಬಿ ಗಂಡನ ಮುಖ ನೋಡಿದಳು. ಹೊಸ ಜುಬ್ಬ, ಕಣ್ಣಿಗೆ ಸುರ್ಮ, ಕಿವಿಯ ಮೇಲೆ ಇದ್ದಿಲಿನ ಕರಿ ಗುರುತು.

"ತುಪ್ಪ ಸಾಲುತ್ತಾ ಅಂತ ಕೇಳ್ದೆ," ಅಂದಳು ಗಟ್ಟಿಯಾಗಿ.

"ಸಾಲುತ್ತೆ ಬಿಡು!" ಅಂತ ನಗುತ್ತ ಅವರು ಹೊರಟುಹೋದರು.

ನಿಕಾಹ್ ಮುಗಿಯಿತು. ಖರ್ಜೂರ ಹಂಚಿದರು. ಸಿಪ್ಪೆಗೆ ಬೆಂಕಿ ತಾಕಿಸಿ, ಕರಟ ಹತ್ತಿಕೊಂಡ ಮೇಲೆ ನಬೀ ಸಾಬರು ಇದ್ದಿಲು ಜೋಡಿಸಿ ಬೀಸಣಿಗೆ ಹಿಡಿದರು. ಕೆಂಡದ ಮೇಲೆ ಬೂದಿ ಕೂತಿತು, ಎಲ್ಲ ಸರಿಯಾಗಿಯೇ ಕಂಡಿತು. ಅಮೀರ್ ಬಿಗೂ ಒಂದು ಗಳಿಗೆ, ಅಲ್ಲಾ ಕಾಪಾಡಿದ ಅನ್ನಿಸಿತು. ಮೊದಲ ಸಾಲು ಸೀಖು ಇಟ್ಟು ಕೊಬ್ಬು ತೊಟ್ಟಿಕ್ಕಲು ಶುರುವಾದಾಗ ಅಂಗೀಟಿಯ ಒಂದು ತುದಿಯಿಂದ ಹಳದಿ ಹೊಗೆ ಎದ್ದಿತು. ಆಮೇಲೆ ನಡುವಿನಿಂದ. ಹಸಿ ಸಿಡಿದು ಚಟಚಟ ಅನ್ನುತ್ತಿತ್ತು. ಹಿಂದೆಲ್ಲ ಅಂಥ ಒಂದು ಚಟ್ ಕೇಳಿದರೆ ಸಾಕು, ಸಾಬರು ಇಕ್ಕಳದಲ್ಲಿ ಆ ತುಂಡನ್ನು ಹುಡುಕಿ ಹೊರಗೆಸೆಯುವರು. ಇವತ್ತು ಅವರು ನಗುನಗುತ್ತ ಸೀಖು ತಿರುಗಿಸುತ್ತಲೇ ಇದ್ದರು. ಹೊಗೆ ಕಣ್ಣಿಗೆ ಬಂದಾಗ ಗಾಳಿಯನ್ನು ಬೈದರು.

ಹಬೀಬ್ ಸಾಬರಿಗೆ ತಾವೇ ಕೈಯಾರೆ ಬಡಿಸಿದರು.

ಅವರು ಒಂದು ತುಂಡು ಬಾಯಿಗಿಟ್ಟು ಅಗಿದು ನಿಲ್ಲಿಸಿದರು. ಕೆಟ್ಟ ಮನುಷ್ಯರಲ್ಲ. ಆದರೆ ಪಾವಗಡ ಸಂತೆಯಲ್ಲಿ ಕುರಿ ವ್ಯಾಪಾರ ಮಾಡಿದ ನಾಲಿಗೆ, ತಮಾಷೆ ಬಂದರೆ ನಿಲ್ಲುತ್ತಿರಲಿಲ್ಲ. ಪಕ್ಕದವರ ಕಡೆ ಬಾಗಿ, ತಮ್ಮ ಕಡೆಯ ತೆಲುಗು ಬೆರೆಸಿ, "ಇದೇಂದಯ್ಯಾ ಇದಿ? ಕಬಾಬಾ, ಬಚ್ಚಲೊಲೆ ಕೊಳ್ಳಿನಾ?" ಅಂದರು.

ಪಕ್ಕದವರು ಫಕ್ಕನೆ ನಕ್ಕರು. ನಗು ಆ ಸಾಲಿಡೀ ಹರಿಯಿತು.

ನಬೀ ಸಾಬರಿಗೆ ನಗುವ ಮುಖಗಳು ಕಂಡವು. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿ, "ನಾಚ್ಕೋಬೇಡಿ ಹಬೀಬ್ ಸಾಬ್! ಇನ್ನೆರಡು ಹಾಕಿಸ್ಕೊಳ್ಳಿ!" ಅಂತ ಇನ್ನೂ ಎರಡು ಬಡಿಸಿದರು.

ನಗು ಜೋರಾಯಿತು. ಆಮೇಲೆ ಯಾಕೋ ತಟ್ಟನೆ ನಿಂತಿತು. ಹಬೀಬ್ ಸಾಬರು ಆ ಮುದುಕನ ಸಂತೋಷದ ಮುಖವನ್ನೇ ನೋಡಿದರು. ಬಡಿಸಿದ್ದನ್ನು ಮಾತಿಲ್ಲದೆ ತಿನ್ನತೊಡಗಿದರು. ಪರದೆಯ ಹಿಂದೆ ಫಕ್ರುನ್ನೀಸಾ ತಾಯಿಯ ತೋಳು ಹಿಡಿದುಕೊಂಡಳು. "ಅಮ್ಮಾ, ಅಬ್ಬಾಗೆ ಕೇಳಿಸಲಿಲ್ವಾ?" ಅಂದಳು. ಅಮೀರ್ ಬಿ ಮಗಳ ತಲೆಯ ಮೇಲಿನ ದುಪಟ್ಟಾ ಸರಿಮಾಡಿದಳು. ಬಿಸಿಲು ಇಳಿಯುವ ಮುಂಚೆ ಆ ಹುಡುಗಿ ಅದೇ ಪ್ರಶ್ನೆ ಹೊತ್ತುಕೊಂಡು ಪಾವಗಡದ ಬಸ್ಸು ಹತ್ತಿದಳು.

ಮಗಳನ್ನು ಕಳಿಸಿ ಬಂದ ನಬೀ ಸಾಬರು ಸುಮ್ಮನೆ ಕೂರಲಾರದೆ ಚಾಪೆ ಸುತ್ತಲು ಹೋದರು. ಚಾಪೆಯ ಅಂಚಿನ ಕೆಳಗೆ ಕಬಾಬುಗಳಿದ್ದವು. ಒಂದೊಂದು ಸಲ ಕಚ್ಚಿ ಬಚ್ಚಿಟ್ಟವು. ಮುಂದಿನ ಚಾಪೆ ಎತ್ತಿದರು. ಅಲ್ಲೂ ಇದ್ದವು. ಒಂದನ್ನು ಕೈಗೆತ್ತಿಕೊಂಡು, ಮಣ್ಣು ಒರೆಸಿ, ಬಾಯಿಗೆ ಹಾಕಿಕೊಂಡರು.

ಅಷ್ಟು ಹೊತ್ತು ಹೊಗೆಯೊಳಗೇ ನಿಂತವರಿಗೆ ಆಗ ಗೊತ್ತಾಗದ ರುಚಿ ಈಗ ಗೊತ್ತಾಯಿತು.

ಅಮೀರ್ ಬಿ ಹಿತ್ತಲಿಗೆ ಬಂದಾಗ ಅವರು ಉಳಿದ ಇದ್ದಿಲ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕೈಯಲ್ಲಿ ಸುತ್ತಿಗೆ. ಒಂದು ತುಂಡು ಎತ್ತುವುದು, ಕಲ್ಲಿನ ಮೇಲಿಟ್ಟು ಹೊಡೆಯುವುದು, ಒಳಗೆ ನೋಡುವುದು. ಒಳಗೆ ಕಂದು ಇದ್ದರೆ ಎಡಕ್ಕೆ. ಕರಿ ಇದ್ದರೆ ಬಲಕ್ಕೆ. ಆದರೆ ಒಡೆದ ಮೇಲೆ ಒಳ್ಳೆಯದೂ ಚೂರೇ. ಬಲಗಡೆ ಪುಡಿಯ ಗುಡ್ಡೆಯೇ ಆಗಿತ್ತು.

"ಬಿಡಿ," ಅಂತ ಅವಳು ಎದುರಿಗೆ ಕೂತಳು. "ಹೊಸ ಜುಬ್ಬ ಹಾಳಾಗುತ್ತೆ."

"ಬಡಿಸಿದಾಗ ಹಬೀಬ್ ಸಾಬ್ ಏನಂದ್ರು?"

"ಚೆನ್ನಾಗಿದೆ ಅಂದ್ರು."

"ಗಟ್ಟಿಯಾಗಿ ಹೇಳು."

"ಚೆನ್ನಾಗಿದೆ ಅಂದ್ರು!" ಅಂತ ಅವಳು ಕೂಗಿದಳು. ಪಕ್ಕದ ಹಿತ್ತಲಲ್ಲಿ ಪಾತ್ರೆ ತಿಕ್ಕುವ ಸದ್ದು ನಿಂತಿತು.

ಅವರು ಒಡೆಯದ ಎರಡು ತುಂಡು ಆರಿಸಿ ಅವಳ ಕೈಗಿಟ್ಟರು. "ತಟ್ಟು."

ಅವಳು ತಟ್ಟಿದಳು. ಸಣ್ಣಗೆ, ಸ್ವಚ್ಛವಾಗಿ ಟಿಣ್ ಅಂದಿತು. ಅವರು ಇದ್ದಿಲು ನೋಡಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದರು.

"ಮಾತಾಡ್ತಾ?"

ಅವಳು ಹೌದು ಅಂತ ತಲೆಯಾಡಿಸಿದಳು.

"ನನಗೆ ಎಲ್ಲವೂ ಒಂದೇ ಥರ ದಬ್ ಅನ್ನುತ್ತೆ ಅಮೀರ್. ಇದ್ದಿಲೇ ಕೆಟ್ಟಿದೆ, ಈಗಿನ ಮರಗಳೇ ಹಂಗೆ ಅಂದ್ಕೊಂಡೆ. ಆದ್ರೂ ಕಬಾಬು ಚೆನ್ನಾಗೇ ಆಗ್ತಿತ್ತಲ್ಲ. ಕಿವಿ ಹೋದ್ರೂ ಕೈಗೆ ಗೊತ್ತಾಗುತ್ತೆ, ಕೈ ತಾನೇ ಒಳ್ಳೇದನ್ನ ಎತ್ಕೊಳ್ಳುತ್ತೆ ಅಂತ..." ಅವರ ಕಣ್ಣು ಅಡವಯ್ಯನ ಮನೆಯಿಂದ ಬಂದ ಖಾಲಿ ಮೂಟೆಯ ಮೇಲೆ ಹೋಯಿತು.

"ಅಡವಯ್ಯನಿಗೆ ಗೊತ್ತಿತ್ತಾ?"

ಅಮೀರ್ ಬಿ ಕೈಯಲ್ಲಿದ್ದ ಎರಡು ತುಂಡನ್ನು ರಾಶಿಗೆ ಇಟ್ಟಳು.

"ಗೊತ್ತಿತ್ತು," ಅಂದರು ಅವರೇ. "ಮಣ್ಣಿಗೆ ಹೋದಾಗ ಅವನ ಕೈ ನೋಡ್ದೆ. ಬೆರಳ ತುದಿಯೆಲ್ಲ ಕರೀ ಕಾಯಿ ಕಟ್ಟಿತ್ತು. ಸುಡೋನ ಕೈ ಹಂಗ್ಯಾಕೆ, ತಟ್ಟೋನ ಕೈ ಅಲ್ವಾ ಹಂಗಿರೋದು ಅಂದ್ಕೊಂಡೆ. ಅಂದ್ಕೊಂಡು ಮರೆತೆ." ತಮ್ಮ ಬೆರಳುಗಳನ್ನು ಬಿಡಿಸಿ ನೋಡಿಕೊಂಡರು. "ಒಂದು ಮಾತು ಹೇಳ್ಬಾರ್ದಾಗಿತ್ತಾ ಅವನು? ಬೈದಾದ್ರೂ ಹೇಳ್ಬಾರ್ದಾಗಿತ್ತಾ?"

"ನಿಮಗೆ ಬೇಜಾರಾಗುತ್ತೆ ಅಂತ."

"ಏನು?"

"ನಿಮಗೆ ಬೇಜಾರಾಗುತ್ತೆ ಅಂತ!"

"ಹೂಂ." ಅವರು ಸುತ್ತಿಗೆ ಕೆಳಗಿಟ್ಟರು. "ಅಂಗೀಟಿ ಯಾರಿಗಾದ್ರೂ ಕೊಟ್ಬಿಡು. ಸಂತೆಗೆ ನಾನು ಹೋಗಲ್ಲ."

"ನಾನು ತಟ್ಟಿಕೊಡ್ತೀನಿ. ಮನೇಲೇ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ," ಅಂದರು ಅವರು.

ಸೂರ್ಯ ಮುಳುಗಿದ್ದ. ಬೇವಿನ ಕೆಳಗೆ ಅಂಗೀಟಿಯಲ್ಲಿ ಕೆಂಡ ಆರಿ ಬೂದಿಯಾಗಿತ್ತು. ಅಮೀರ್ ಬಿ ಎದ್ದು ಇದ್ದಿಲಿನ ಪುಡಿಯನ್ನು ಮೊರಕ್ಕೆ ಗುಡಿಸಿಕೊಳ್ಳತೊಡಗಿದಳು. ಅಷ್ಟರಲ್ಲಿ ಗೋಡೆಯ ಸಂದಿಯಿಂದ ಜೀರುಂಡೆಯೊಂದು ಕೂಗಲು ಶುರುಮಾಡಿತು. ಅವಳು ಗಂಡನ ಕಡೆ ನೋಡಿದಳು. ಅವರು ಕೈ ನೋಡಿಕೊಂಡೇ ಕೂತಿದ್ದರು. ಅವಳು ಗೋಡೆಯ ಹತ್ತಿರ ಹೋಗಿ ಕಾಲಿಂದ ನೆಲವನ್ನು ಜೋರಾಗಿ ತುಳಿದಳು. ಜೀರುಂಡೆ ಸುಮ್ಮನಾಯಿತು. ಅವಳು ಹಿಂತಿರುಗಿ ಮೊರ ಎತ್ತಿಕೊಳ್ಳುವಷ್ಟರಲ್ಲಿ ಮತ್ತೆ ಕೂಗತೊಡಗಿತು.